ಹೊಂದಿಕೆಯ ಮನೆಯಲ್ಲಿ ವೈನಿಯ ಪಾಲು

ಬೆಳಗಿನ ಐದೂಮುಕ್ಕಾಲಿಗೆ ಮೊದಲ ಗೋಡೆ ಸರಿಯಿತು. ಸದ್ದೆಂದರೆ ಮಡಿಸಿಟ್ಟ ಸೀರೆಯನ್ನು ಬಿಚ್ಚಿದಷ್ಟು. ಎಂಬತ್ತಾರು ವರ್ಷದ ಪಾರವ್ವ ಮಂಚದ ಮೇಲೆ ಎದ್ದು ಕೂರುವಷ್ಟರಲ್ಲಿ ಆಕೆಯ ಸುತ್ತ ಪೂಜೆಗೆ ಬೇಕಾದಷ್ಟು ಜಾಗ ಹಿಗ್ಗಿತ್ತು. ಆರೂಕಾಲಿಗೆ ಅದು ಕುಗ್ಗಿ, ಪಕ್ಕದಲ್ಲಿ ಮೊಮ್ಮಗಳು ಓದುವ ಕೋಣೆ ಹುಟ್ಟಿತು. ಏಳೂವರೆಗೆ ಆ ಕೋಣೆ ಮಾಯವಾಗಿ, ಏಳು ಜನ ಕೂತು ಉಪ್ಪಿಟ್ಟು ತಿನ್ನುವ ನಡುಮನೆ ಬಂತು. ಒಂಬತ್ತಕ್ಕೆ ಕೂಸು ಒಂದು ಮೂಲೆಯಲ್ಲಿ ನಿದ್ದೆ ಮಾಡುತ್ತಿದ್ದರೆ, ಎರಡು ಮಾರು ಆಚೆ ಅದರ ಅಪ್ಪ ಕಚೇರಿಯವರ ಜೊತೆ ಗಂಟಲು ಹರಿಯುವಂತೆ ಜಗಳವಾಡುತ್ತಿದ್ದ. ಕೂಸಿಗೆ ಒಂದಕ್ಷರವೂ ಕೇಳುತ್ತಿರಲಿಲ್ಲ.

ಇದು 2065ರ ಹುಬ್ಬಳ್ಳಿ. ಉಣಕಲ್ಲಿನ ಕಡೆಯ ಒಂದು ಗೋಪುರದ ಹತ್ತೊಂಬತ್ತನೆಯ ಮಹಡಿ, ನಾನೂರ ಮೂವತ್ತು ಚದರಡಿ, ನಾಲ್ಕು ತಲೆಮಾರು, ಎಂಟು ಜನ. ಶತಮಾನದ ಮೊದಲ ಅರ್ಧದಲ್ಲಿ ಬೇರೆಬೇರೆಯಾಗಿ ಹೋಗಿದ್ದ ಕುಟುಂಬಗಳೆಲ್ಲ ಈಗ ಮತ್ತೆ ಒಂದೇ ಸೂರಿನಡಿ ಸೇರಿದ್ದವು. ಪ್ರೀತಿ ಉಕ್ಕಿ ಬಂದು ಸೇರಿದ್ದಲ್ಲ, ಊರಿನಲ್ಲಿ ಕಾಲಿಡಲು ಜಾಗವಿಲ್ಲದೆ ಸೇರಿದ್ದು. ಹಾಗೆ ಸೇರಿದವರು ತಲೆ ಒಡೆದುಕೊಳ್ಳದಂತೆ ನೋಡಿಕೊಳ್ಳಲು ಡಾ. ಶಿವಯೋಗಿ ಬ್ಯಾಹಟ್ಟಿ ಕಂಡುಹಿಡಿದ ಯಂತ್ರದ ಹೆಸರು 'ಹೊಂದಿಕೆ'.

ಗೋಡೆ ಸರಿಸುವುದೇನೂ ಬ್ರಹ್ಮವಿದ್ಯೆಯಾಗಿರಲಿಲ್ಲ. ಎರಡು ತೆಳು ನೇಯ್ಗೆಗಳ ನಡುವೆ ಒಂದು ಬಗೆಯ ದ್ರವ ತುಂಬಿರುತ್ತದೆ. ವಿದ್ಯುತ್ ಹರಿದರೆ ಅದರೊಳಗಿನ ಕಣಗಳು ಸಾಲುಗಟ್ಟಿ ಬಿಗಿದುಕೊಂಡು ಅದು ಗೋಡೆಯಾಗುತ್ತದೆ, ವಿದ್ಯುತ್ ನಿಂತರೆ ಸಡಿಲಾಗಿ ಪರದೆಯಂತೆ ಮಡಿಚಿಕೊಳ್ಳುತ್ತದೆ. ಕಷ್ಟವಿದ್ದದ್ದು ಗೋಡೆಯನ್ನು ಯಾರಿಗಾಗಿ ಸರಿಸಬೇಕು ಎಂಬುದರಲ್ಲಿ. ಹೊಂದಿಕೆ ಮನೆಗೆ ಬಂದ ಮೊದಲ ದಿನ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳುತ್ತಿತ್ತು: ನಿಮಗೆ ಯಾವಾಗ, ಎಷ್ಟು ಸ್ವಂತ ಜಾಗ ಬೇಕು? ಸ್ವಂತ ಜಾಗವೆಂದರೆ ಅಪ್ಪಣೆಯಿಲ್ಲದೆ ಇನ್ನೊಬ್ಬರು ಕಾಲಿಡಬಾರದ ಜಾಗ. ಆಮೇಲೆ ದಿನದಿನವೂ ನೋಡಿ ಕಲಿಯುತ್ತಿತ್ತು. ಯಾರಾದರೂ ಎರಡು ಸಲ 'ಬೇಡ' ಎಂದರೆ ಅವರನ್ನು ಮತ್ತೆ ಕೇಳುತ್ತಿರಲಿಲ್ಲ. ಮೊದಲಿನ ಪ್ರಯೋಗಗಳಲ್ಲಿ ಅದು ಬೀಗರ ಮನೆಯವರ ಹಾಗೆ ಬಿಡದೆ ಒತ್ತಾಯ ಮಾಡುತ್ತದೆಂದು ಜನ ಬೇಸತ್ತಿದ್ದರಿಂದ ಶಿವಯೋಗಿಯೇ ಈ ನಿಯಮ ಬರೆದಿದ್ದ. ನಿಯಮ ಅವನಿಗೆ ಬಹಳ ಹಿಡಿಸಿತ್ತು.

ಆ ದಿನ ಹನ್ನೊಂದು ಗಂಟೆಗೆ ವಸತಿ ಪರೀಕ್ಷಾ ಸಮಿತಿಯಿಂದ ನಸ್ರೀನ್ ಕೊಪ್ಪಳ ಬಂದರು. ಐವತ್ತರ ಆಸುಪಾಸಿನ ಇಂಜಿನಿಯರು, ಮಾತು ಕಡಿಮೆ. ಅವರು ಸಹಿ ಮಾಡಿದರೆ ಸರಕಾರ ಕಟ್ಟಿಸುತ್ತಿದ್ದ ಮೂವತ್ತು ಸಾವಿರ ಮನೆಗಳಿಗೆ ಹೊಂದಿಕೆ ಹೋಗುತ್ತಿತ್ತು. ಹದಿನಾರು ವರ್ಷದ ದುಡಿಮೆ ಆ ಒಂದು ಸಹಿಗೆ ಕಾದು ನಿಂತಿತ್ತು. ಪ್ರಯೋಗಶಾಲೆ ಬೇಡ, ನನ್ನ ಮನೆಯನ್ನೇ ನೋಡಿ ಎಂದು ಶಿವಯೋಗಿಯೇ ಜಂಬದಿಂದ ಕರೆದಿದ್ದ.

ವೈನಿ ಮಂಡಕ್ಕಿಯ ಗಿರಮಿಟ್ ತಂದರು. ವಿದ್ಯಾಶ್ರೀ ವೈನಿ ಶಿವಯೋಗಿಯ ಅಣ್ಣನ ಹೆಂಡತಿ. ಅಣ್ಣ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ಅರವತ್ತೈದರಲ್ಲೂ ವೈನಿಯ ನಡಿಗೆ ಚುರುಕು. ಅವರು ಬಂದರೆ ಗೋಡೆಗಳು ತಾವಾಗಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದವು. ಯಂತ್ರಕ್ಕೂ ದೊಡ್ಡವರು ಸಣ್ಣವರು ಗೊತ್ತಾಗುತ್ತದೆಂದು ಮನೆಯವರು ಹೇಳಿಕೊಂಡು ನಗುತ್ತಿದ್ದರು.

"ಸಾಕ್ರೀ," ಎಂದು ನಸ್ರೀನ್ ತಟ್ಟೆಗೆ ಕೈ ಅಡ್ಡ ಹಿಡಿದರು.

"ಅಯ್ಯ, ಇಷ್ಟ ತಿಂದ್ರ ಹ್ಯಾಂಗ್ರೀ? ಇನ್ನೊಂದ್ ಚೂರು."

"ಬ್ಯಾಡ್ರೀ, ಖರೇನಽ ಸಾಕು."

"ಅಷ್ಟ್ ದೂರದಿಂದ ಬಂದೀರಿ. ನನ್ನ ಸಲುವಾಗಿ ಒಂದ್ ಮುಷ್ಟಿ."

ಮೂರನೆಯ ಸಲಕ್ಕೆ ತಟ್ಟೆ ಮುಂದೆ ಬಂತು. ನಮ್ಮ ಕಡೆ 'ಸಾಕು' ಎನ್ನುವುದು ಉತ್ತರವಲ್ಲ, ಬರಿಯ ಮರ್ಯಾದೆ. ಅದು ಗೊತ್ತಿರದವರು ಯಾರೂ ಆ ಮನೆಯಲ್ಲಿರಲಿಲ್ಲ.

ತಿಂದು ಕೈ ಒರೆಸಿಕೊಂಡ ನಸ್ರೀನ್, "ವ್ಯಕ್ತಿವಾರು ನಕ್ಷೆ ತೋರಸ್ರಿ," ಎಂದರು. ಹೊಂದಿಕೆ ಮೂರು ವರ್ಷದ ಲೆಕ್ಕವನ್ನು ಗೋಡೆಯ ಮೇಲೆ ಹರಡಿತು. ಪಾರವ್ವನದು ಕುಂಕುಮದ ಬಣ್ಣ, ಮೊಮ್ಮಗಳದು ಹಸಿರು, ಕೂಸಿನದು ಹಳದಿ. ಹೀಗೆ ಒಬ್ಬೊಬ್ಬರಿಗೆ ಒಂದೊಂದು. ನೋಡಲು ರಂಗೋಲಿಯಷ್ಟು ಚೆಂದ. ಶಿವಯೋಗಿ ಎದೆಯುಬ್ಬಿಸಿ ನಿಂತ.

ನಸ್ರೀನ್ ಬೆರಳು ಮಡಿಸಿ ಎಣಿಸಿದರು. "ಏಳು ಬಣ್ಣ ಕಾಣಾಕತ್ತಾವು. ಮನ್ಯಾಗ ಎಂಟ್ ಮಂದಿ ಅಲ್ರೀ?"

ಶಿವಯೋಗಿಯೂ ಎಣಿಸಿದ. ಏಳೇ. ಎಂಟನೆಯದು ಅವ್ವ ಪಾರವ್ವನ ಬಣ್ಣದ ಹಿಂದೆ ಮುಚ್ಚಿಹೋಗಿರಬೇಕೆಂದು ಪದರಗಳನ್ನು ಬಿಡಿಸಿ ನೋಡಿದ. ಅಲ್ಲೂ ಇರಲಿಲ್ಲ. ಕೊನೆಗೆ ಹೊಂದಿಕೆಯನ್ನೇ ಕೇಳಬೇಕಾಯಿತು.

"ವಿದ್ಯಾಶ್ರೀ ಬ್ಯಾಹಟ್ಟಿ," ಎಂದಿತು ಅದು ತನ್ನ ಸಮಾಧಾನದ ದನಿಯಲ್ಲಿ. "ಸ್ವಂತ ಜಾಗ ಸೊನ್ನೆ. ಗುಂಪು: ಓಡಾಟ."

'ಓಡಾಟ' ಶಿವಯೋಗಿಯೇ ಮಾಡಿದ ಗುಂಪು. ನೆಲ ಗುಡಿಸುವ ಯಂತ್ರ, ಊಟದ ತಳ್ಳುಗಾಡಿ, ಬಂದುಹೋಗುವ ನೆರೆಯವರು ಅದರಲ್ಲಿ ಬರುತ್ತಿದ್ದರು. ಇವರಿಗೆ ದಾರಿ ಬಿಡಬೇಕು, ಜಾಗ ಕೊಡಬೇಕಿಲ್ಲ. ಗೋಡೆಗಳು ವೈನಿಗೆ ಯಾಕೆ ಸರಿದು ನಿಲ್ಲುತ್ತಿದ್ದವೆಂದು ಅವನಿಗೆ ಈಗ ಅರ್ಥವಾಯಿತು.

"ಹಂಗಾರ ಇವ್ರು ಮಲಗೂದೆಲ್ಲಿ?" ನಸ್ರೀನ್ ಕೇಳಿದರು.

"ಪಾರವ್ವ ಅವರ ಪಾಲಿನಲ್ಲಿ," ಎಂದಿತು ಹೊಂದಿಕೆ. "ರೋಗಿಯ ಆರೈಕೆಗೆಂದು ಬಿಟ್ಟ ಎರಡಡಿ ಪಟ್ಟಿಯಲ್ಲಿ."

ಶಿವಯೋಗಿಯ ಕಿವಿ ಬಿಸಿಯಾಯಿತು. ಆದರೂ ನಗೆ ತಂದುಕೊಂಡು ಹೇಳಿದ: "ಅದು ಅವ್ರ ಸ್ವಭಾವ್ರೀ, ಮೇಡಂ. ಏನ್ ಕೇಳಿದ್ರೂ ಬ್ಯಾಡಂತಾರ. ಮೊದ್ಲಿಂದ್ಲೂ ಹಂಗಽ. ಎರಡ್ ಸಲ ಬ್ಯಾಡ ಅಂದ್ರ ಮುಂದ ಕೇಳಬಾರ್ದು ಅಂತ ನಿಯಮ ಐತೆಲ್ರೀ, ಅದರ ಪ್ರಕಾರ ನಡದೈತಿ." ಹೇಳುವಾಗ ಅವನಿಗೆ ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ತ್ಯಾಗಿಗಳು ನಮ್ಮ ಮನೆಯಲ್ಲಿದ್ದಾರೆಂದರೆ ಹೆಮ್ಮೆಪಡುವವರು ಯಾವಾಗಲೂ ಉಳಿದವರೇ.

"ಆಗ್ಲಿ. ಕಾರಣ ತಗೀರಿ," ಎಂದರು ನಸ್ರೀನ್.

ಜನರ ಬದುಕಿನ ಬಗ್ಗೆ ತೀರ್ಮಾನ ಮಾಡುವ ಯಂತ್ರ ಪ್ರತಿಯೊಂದು ತೀರ್ಮಾನಕ್ಕೂ ಕಾರಣ ಕಾದಿಡಬೇಕೆಂದು ಆಗ ಕಾನೂನಿತ್ತು. ಶಿವಯೋಗಿ ಆ ದನಿಮುದ್ರಿಕೆ ಹಾಕಿಸಿದ. ಮೂರು ವರ್ಷದ ಹಿಂದಿನ, ಹೊಂದಿಕೆ ಮನೆಗೆ ಬಂದ ದಿನದ ಗದ್ದಲವೆಲ್ಲ ಕೋಣೆಯಲ್ಲಿ ತುಂಬಿತು. ಮಕ್ಕಳ ನಗು, ಪಾತ್ರೆಯ ಸದ್ದು. ನಡುವೆ ಯಂತ್ರದ ಪ್ರಶ್ನೆ: "ವಿದ್ಯಾಶ್ರೀ ಅವರೇ, ನಿಮಗೆ ಎಷ್ಟು ಸ್ವಂತ ಜಾಗ ಬೇಕು?"

ಉತ್ತರ ಕೊಟ್ಟ ದನಿ ಶಿವಯೋಗಿಯದು. "ವೈನಿಗೇನ್ ಬ್ಯಾಡ. ಮುಂದ ಹೋಗು."

ನಿಯಮದಂತೆ ಯಂತ್ರ ಇನ್ನೊಮ್ಮೆ ಕೇಳಿತು. ಈ ಸಲ ಮುದುಕಿಯೊಬ್ಬಳ ದನಿ: "ಅಕೀಗ್ಯಾಕ ಬೇಕೋ ಬ್ಯಾರೆ ಜಾಗ? ಅಕಿ ಮನೀ ತುಂಬಾ ಇರ್ತಾಳಲ್ಲ!" ಎಲ್ಲರೂ ಗೊಳ್ಳೆಂದು ನಕ್ಕರು. ಆ ನಗುವಿನ ಹಿಂದೆ, ದೂರದ ಒಲೆಯ ಕಡೆಯಿಂದ ವೈನಿಯ ದನಿ ಸಣ್ಣಗೆ ಕೇಳಿಸಿತು: "ಚಾ ಎಷ್ಟ್ ಮಂದೀಗ ಇಡ್ಲಿ?"

ಅಲ್ಲಿಗೆ ಕಾರಣ ಮುಗಿಯಿತು.

ಮಂಚದ ಮೇಲಿದ್ದ ಪಾರವ್ವ ಕತ್ತೆತ್ತಿ ಕೇಳಿದಳು: "ಯಾರೋ ಅದು, ಅಷ್ಟ್ ಬಿರುಸು ಮಾತಾಡಾಕಿ?" ತನ್ನದೇ ದನಿಯ ಗುರುತು ಆಕೆಗೆ ಸಿಕ್ಕಿರಲಿಲ್ಲ.

ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಹತ್ತೊಂಬತ್ತನೆಯ ಮಹಡಿಯಲ್ಲಿ ಆ ಅನುಕೂಲವೂ ಇರಲಿಲ್ಲ. ಶಿವಯೋಗಿ ತಲೆ ತಗ್ಗಿಸಿ ನಿಂತ. ವೈನಿ ಗಿರಮಿಟ್ಟಿನ ಬೋಗುಣಿ ಹಿಡಿದು ಅಲ್ಲೇ ಬಾಗಿಲಲ್ಲಿದ್ದರು. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವನ ಮುಖ ನೋಡಿದರು, ಆಮೇಲೆ ನಸ್ರೀನರ ಮುಖ ನೋಡಿದರು.

"ನಾನಽ ಹೇಳಿದ್ದೆ ಬಿಡ್ರೀ ಅವಂಗ," ಎಂದರು ವೈನಿ. "ಹಿಂದಿನ ದಿನಾನಽ ಹೇಳಿದ್ದೆ. ನಂಗೇನ್ ಜಾಗಾ ಗೀಗಾ ಬ್ಯಾಡೋ, ಹಂಗಂತ ಬರಸಿಬಿಡು ಅಂತ."

ಅದು ಸುಳ್ಳು. ಹಿಂದಿನ ದಿನ ವೈನಿ ಊರಲ್ಲೇ ಇರಲಿಲ್ಲ, ನವಲಗುಂದಕ್ಕೆ ತಂಗಿಯ ಮನೆಗೆ ಹೋಗಿದ್ದರು. ಶಿವಯೋಗಿಗೆ ಗೊತ್ತಿತ್ತು. 'ಇಲ್ಲ ಮೇಡಂ, ಹಾಗಲ್ಲ' ಎನ್ನಲು ಮೂರು ಮಾತು ಸಾಕಿತ್ತು. ನಾಲಗೆ ಏಳಲಿಲ್ಲ. ಮೂವತ್ತು ಸಾವಿರ ಮನೆಗಳು ಕಣ್ಣ ಮುಂದೆ ಬಂದವು.

"ಹೌದೇನ್ರೀ ಡಾಕ್ಟ್ರ?" ನಸ್ರೀನ್ ಕೇಳಿದರು.

"ಹೌದ್ರೀ," ಎಂದ ಶಿವಯೋಗಿ.

ಅವರು 'ಸ್ವ-ಇಚ್ಛೆಯಿಂದ' ಎಂದು ಬರೆದುಕೊಂಡು, ನಾಲ್ಕು ದಿನದಲ್ಲಿ ವರದಿ ಕಳಿಸುವುದಾಗಿ ಹೇಳಿ ಹೊರಟರು. ವೈನಿ ಬಾಗಿಲತನಕ ಹೋಗಿ ಕುಂಕುಮದ ಬದಲು ಒಂದು ಹಿಡಿ ಮಲ್ಲಿಗೆ ಕೊಟ್ಟು ಕಳಿಸಿದರು.

ಮಧ್ಯಾಹ್ನದ ಊಟ ಶಿವಯೋಗಿಗೆ ಸೇರಲಿಲ್ಲ. ವೈನಿ ಬಡಿಸಲು ಬಂದರೆ ತಟ್ಟೆಯನ್ನಷ್ಟೇ ನೋಡಿದ. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಮಾತು ಬೇರೆಯವರಿಗಾಗಿ ಹುಟ್ಟಿದ್ದೆಂದು ಅಲ್ಲಿಯತನಕ ತಿಳಿದಿದ್ದ. ಮಾಡಿದ ತಪ್ಪನ್ನು ಬೇಗ ಸರಿಮಾಡಿಬಿಟ್ಟರೆ ಎದೆಯ ಭಾರ ಇಳಿದೀತೆಂದುಕೊಂಡು, ಇಂಜಿನಿಯರುಗಳು ಮಾಡುವುದನ್ನೇ ಮಾಡಿದ. ಯಂತ್ರದ ಮುಂದೆ ಕೂತು ಆಜ್ಞೆ ಕೊಟ್ಟ: ವಿದ್ಯಾಶ್ರೀ ಅವರಿಗೆ ಇಂದಿನಿಂದ ದಿನಾ ನಾಲ್ಕರಿಂದ ಆರರವರೆಗೆ ಪಡುವಣ ಕಿಟಕಿಯ ಬಳಿ ಎಂಟಡಿಗೆ ಆರಡಿ ಸ್ವಂತ ಜಾಗ. ಬೇರೆಯವರಿಗೆ ಪ್ರವೇಶವಿಲ್ಲ.

ನಾಲ್ಕು ಗಂಟೆಗೆ ವೈನಿ ಕಿಟಕಿಯ ಬಳಿ ಕೂತು ಮೆಂತ್ಯಪಲ್ಲೆ ಸೋಸುತ್ತಿದ್ದರು. ಮೂರೂ ಕಡೆಯಿಂದ ಗೋಡೆ ಎದ್ದು ಬಂದು ಬಿಗಿದುಕೊಂಡಿತು. ಮನೆಯ ಸದ್ದು ಒಮ್ಮೆಗೇ ನಿಂತುಹೋಯಿತು. ಅವರು ಗಾಬರಿಯಾಗಿ ಗೋಡೆ ಬಡಿದರು. ಶಬ್ದ ನುಂಗುವುದರಲ್ಲಿ ಆ ಗೋಡೆ ಎಷ್ಟು ಪಳಗಿತ್ತೆಂದರೆ ಹೊರಗೆ ಯಾರಿಗೂ ಏನೂ ಕೇಳಿಸಲಿಲ್ಲ. ಶಿವಯೋಗಿ ಹೊರಗೆ ನಿಂತು, ಒಳಗೆ ವೈನಿ ನೆಮ್ಮದಿಯಾಗಿ ಕೂತಿದ್ದಾರೆಂದು ಭಾವಿಸಿ, ಆ ದಿನ ಮೊದಲ ಸಲ ನಿರಾಳವಾಗಿ ಉಸಿರು ಬಿಟ್ಟ.

ಹತ್ತು ನಿಮಿಷದ ಮೇಲೆ ಅನುಮಾನ ಬಂದು ತೆಗೆಸಿದ. ವೈನಿ ಗೋಡೆಗೆ ಅಂಗೈ ಊರಿ ನಿಂತಿದ್ದರು. ಸೊಪ್ಪೆಲ್ಲ ಕಾಲಡಿ ಚೆಲ್ಲಿತ್ತು.

"ಯಾಕೋ ಶಿವೂ, ನನ್ನ ಯಾಕ ಕೂಡಿಹಾಕಿದಿ?"

"ನಿಮಗಂತನಽ ಮಾಡಿಸಿದ್ದು, ವೈನಿ. ನಿಮ್ಮ ಜಾಗ."

"ನಾ ಯಾವಾಗ ಕೇಳಿದ್ದೆ?"

ಅವನು ಕೆಳಗೆ ಕೂತು ಸೊಪ್ಪು ಆರಿಸತೊಡಗಿದ. ವೈನಿಯೂ ಕೂತರು. ಇಬ್ಬರೂ ಸೊಪ್ಪು ಬೇರೆ ಕಡ್ಡಿ ಬೇರೆ ಮಾಡಿದರು.

"ಹಂಗಾರ ಈಗ ಕೇಳ್ತೀನಿ," ಎಂದ. "ವೈನಿ, ನಿಮಗೇನ್ ಬೇಕು?"

"ಏನ್ ಬ್ಯಾಡ."

"ಏನರೆ ಹೇಳ್ರಿ."

"ಏನ್ ಬ್ಯಾಡೋ ಮಾರಾಯಾ."

ಎರಡು ಸಲ ಆಯಿತು. ಅವನ ಯಂತ್ರವಾಗಿದ್ದರೆ ಇಲ್ಲಿಗೆ ನಿಲ್ಲಿಸುತ್ತಿತ್ತು. "ನನ್ನ ಸಲುವಾಗಿ ಹೇಳ್ರಿ," ಎಂದು ಅವನು ಮೂರನೆಯ ಸಲ ಕೇಳಿದ.

ವೈನಿ ಕೈಯಲ್ಲಿದ್ದ ಸೊಪ್ಪನ್ನು ಬುಟ್ಟಿಗೆ ಹಾಕಿದರು. "ಜಾಗದ ಮಾತ್ ಆಮ್ಯಾಲ. ಮುಂಜಾನೆ ಆ ನಸ್ರೀನ್ ಬಾಯಾರ ಮುಂದ ನಾ ಸುಳ್ಳ್ ಹೇಳಿದೆ. ನಿನ್ನ ಮಾರಿ ನೋಡಲಾಕ ಆಗ್ಲಿಲ್ಲ, ಅದಕ್ಕ ಹೇಳಿದೆ. ನೀ ಇಲ್ಲಂತೀ ಅಂತ ಕಾದೆ. ನೀ ಹೌದಂದಿ."

ಶಿವಯೋಗಿ ಕೈಯಲ್ಲಿದ್ದ ಕಡ್ಡಿಯನ್ನು ಮುರಿದ.

"ಜಾಗ ಸಿಗಲಿಲ್ಲಂತ ನಂಗ ಅಷ್ಟ್ ಕೆಟ್ಟನಿಸಲಿಲ್ಲೋ. ಇರೂದಽ ಇಷ್ಟ್ ಮನಿ, ನನ್ನ ಕೇಳಿದ್ರೂ ನಾ ಬ್ಯಾಡಂತಿದ್ದೆನೇನೋ. ಆದ್ರ ಬ್ಯಾಡ ಅನ್ನೂದರೆ ನಾನಽ ಅನಬೇಕಿತ್ತಿಲ್ಲೋ? ಅದನ್ನೂ ನೀವಽ ಅಂದ್ಬಿಟ್ರಿ." ವೈನಿ ಸೆರಗಿನಿಂದ ಕೈ ಒರೆಸಿಕೊಂಡರು. "ಏನ್ ಬೇಕಂತ ಕೇಳಿದೆಲ್ಲ. ಆ ಬಾಯಾರಿಗೆ ಫೋನ್ ಹಚ್ಚು. ನಮ್ಮ ವೈನಿ ಹಂಗ ಹೇಳಿದ್ದಿಲ್ಲ, ಅಕೀನ್ನ ನಾವು ಕೇಳಽ ಇಲ್ಲ ಅಂತ ಹೇಳು. ಇಷ್ಟಽ ನಂಗ ಬೇಕಾಗಿದ್ದು."

ಅಷ್ಟು ಹೇಳಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಶಿವಯೋಗಿ ಕಿಟಕಿಯ ಹತ್ತಿರ ನಿಂತು ಫೋನ್ ಮಾಡಿದ. ವೈನಿ ಕೇಳಿಸಿಕೊಳ್ಳಲೆಂದು ದನಿ ತಗ್ಗಿಸಲಿಲ್ಲ. ತಾನು ಸುಳ್ಳಿಗೆ ಹೂಂಗುಟ್ಟಿದೆನೆಂದು ಒಪ್ಪಿಕೊಂಡ. ಹೇಳಿ ಮುಗಿಸಿದ ಮೇಲೆ ಹಗುರಾಗಲಿಲ್ಲ. ನಾಚಿಕೆ ಮೊದಲು ಎದೆಯಲ್ಲಿತ್ತು, ಈಗ ಮೈಮೇಲೆ ಬಂದು ನಿಂತಿತು, ಅಷ್ಟೆ.

ಆ ಕಡೆಯಿಂದ ನಸ್ರೀನ್, "ನಂಗ ಚೂರೂ ಅನುಮಾನ ಬಂದಿದ್ದಿಲ್ಲ ನೋಡ್ರಿ, ಡಾಕ್ಟ್ರ," ಎಂದರು. "ನಮ್ಮ ಅಮ್ಮಿನೂ ಹಂಗಽ ಏನೂ ಬ್ಯಾಡಂತಿದ್ಲು. ಅಕಿ ಅಂತಿದ್ಲೋ, ಅಕಿ ಹಂಗಂತಾಳಂತ ನಾವಽ ಅಂತಿದ್ವೋ, ಈಗ ನೆಪ್ಪಿಗಿ ಬರವಲ್ದು."

ಸಹಿ ಆಗಲಿಲ್ಲ. ಹೊಂದಿಕೆಯನ್ನು ಪರೀಕ್ಷೆಗೆಂದು ಹಾಕಿದ್ದ ಇನ್ನೂರ ಹನ್ನೆರಡು ಮನೆಗಳ ಕಾರಣಗಳನ್ನು ಸಮಿತಿ ಒಂದೊಂದಾಗಿ ಕೇಳಿಸಿಕೊಂಡಿತು. ನೂರ ನಲವತ್ತು ಮನೆಗಳಲ್ಲಿ ಒಬ್ಬರಿಗೆ ಬಣ್ಣವೇ ಇರಲಿಲ್ಲ. ಹೆಚ್ಚಿನವರು ಹೆಂಗಸರು. ಅಲ್ಲಲ್ಲಿ ಮದುವೆಯಾಗದೆ ಉಳಿದ ಕಾಕಾ, ಮಾತು ನಿಧಾನವಾದ ತಮ್ಮ, ಹೆಂಡತಿಯ ಮನೆಯಲ್ಲಿರುವ ಅಳಿಯ. ಆ ನೂರ ನಲವತ್ತರಲ್ಲಿ ಒಂಬತ್ತು ಮನೆ ಬಿಟ್ಟು ಎಲ್ಲ ಕಡೆಯೂ 'ಬೇಡ' ಎಂದ ದನಿ ಇನ್ನೊಬ್ಬರದು. ಯಾರೂ ಕೇಡು ಬಯಸಿ ಹಾಗೆ ಹೇಳಿರಲಿಲ್ಲ. ಕೇಳಿದರೆ ಎಲ್ಲರೂ ಮೆಚ್ಚಿಕೊಂಡೇ ಮಾತಾಡುತ್ತಿದ್ದರು.

ಹೊಸ ನಿಯಮ ಬರೆಯಲು ಒಂದು ವರ್ಷ ಹಿಡಿಯಿತು. ಹೊಂದಿಕೆ ಈಗ ಒಬ್ಬೊಬ್ಬರನ್ನೂ ಅವರೊಬ್ಬರೇ ಇರುವಾಗ ಕೇಳಬೇಕು. ಇನ್ನೊಬ್ಬರ ಪರವಾಗಿ ಯಾರು ಹೇಳಿದರೂ ಒಪ್ಪಬಾರದು. ಬೇಡವೆಂದವರನ್ನು ವಾರಕ್ಕೊಮ್ಮೆ ಮತ್ತೆ ಕೇಳಬೇಕು. ಕೆಲವು ಮನೆಗಳಲ್ಲಿ ಇದರಿಂದ ದೊಡ್ಡ ರಂಪವಾಯಿತು. ಹದಿನೇಳು ಮನೆಯವರು ಯಂತ್ರವನ್ನು ಕಿತ್ತು ವಾಪಸು ಕೊಟ್ಟರು. "ಮೊದ್ಲು ನಮ್ಮ ಮನ್ಯಾಗ ಹೊಂದಿಕಿ ಇತ್ರೀ, ಇದು ಬಂದು ಹಾಳ್ ಮಾಡ್ತು," ಎಂದು ಒಬ್ಬ ಯಜಮಾನರು ದೂರು ಬರೆದರು. ಅವರ ಮನೆಯಲ್ಲಿ ಬಣ್ಣವಿಲ್ಲದವರು ಯಾರೆಂದು ಶಿವಯೋಗಿ ತೆಗೆದು ನೋಡಲಿಲ್ಲ. ಬೇರೆಯವರ ಮೇಲೆ ಸಿಟ್ಟಾಗುವ ಅರ್ಹತೆ ತನಗಿಲ್ಲವೆಂದು ಅವನಿಗೆ ಅನ್ನಿಸುತ್ತಿತ್ತು.

ಹೊಂದಿಕೆ ವೈನಿಯನ್ನು ಪ್ರತಿ ಸೋಮವಾರ ಕೇಳುತ್ತಿತ್ತು. "ಈ ವಾರ ಬ್ಯಾಡ. ಮುಂದಿನ ವಾರ ಕೇಳು," ಎನ್ನುತ್ತಿದ್ದರು ವೈನಿ, ಗತ್ತಿನಿಂದ. ಏನು ಕೇಳಬೇಕೆಂದು ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ. ಅರವತ್ತಾರಕ್ಕೆ ಹೊಸದಾಗಿ ಕಲಿಯಬೇಕಾದ ವಿದ್ಯೆ ಅದು, ಅವಸರ ಮಾಡಿದರೆ ಬರುವಂಥದ್ದಲ್ಲ.

ಒಂದು ಭಾನುವಾರ ಬೆಳಿಗ್ಗೆ ಶಿವಯೋಗಿ ಅವರ ಪಕ್ಕದಲ್ಲಿ ಕೂತು ಕೇಳಿದ: "ವೈನಿ, ನಿಮಗ ಜಾಗ ಇಲ್ಲದ್ದು ಯಾವಾಗಿಂದ? ಈ ಯಂತ್ರ ಬಂದ ಮ್ಯಾಲ ಅಲ್ಲ, ಹೌದಲ್ರೀ?"

ವೈನಿ ನಕ್ಕರು. "ಯಂತ್ರಕ್ಕೇನ್ ಗೊತ್ತೋ ಪಾಪ. ಇಪ್ಪತ್ತಾರನೇ ಇಸವಿ, ಮೇ ತಿಂಗಳ. ನಾ ಮದುವಿಯಾಗಿ ಬಂದ ದಿನ. ಒಂದು ಟ್ರಂಕ್ ತಂದಿದ್ನೆಲ್ಲ, ನಿಂಗ ನೆಪ್ಪ್ ಇರಲಿಕ್ಕಿಲ್ಲ. ಎಂ.ಎಸ್ಸಿ. ಓದೂ ಮುಂದ ಧಾರವಾಡದ ಸುತ್ತ ಅಡ್ಡಾಡಿ ಕೂಡಿಸಿದ ಗಿಡ. ಒಣಗಿಸಿ, ಹಾಳಿಗೆ ಅಂಟಿಸಿ, ಹೆಸರು ಬರದಿದ್ದೆ. ಆರ್ನೂರು ಹಾಳಿ. ಎಲ್ಲಿ ಇಡ್ಲಿ ಅಂತ ಕೇಳಿದೆ. ಸದ್ಯಕ್ಕ ಅಟ್ಟದ ಮ್ಯಾಲ ಇರ್ಲಿ ಅಂದ್ರು ನಿಮ್ಮಣ್ಣ. ಸದ್ಯಕ್ಕ ಅಂದಿದ್ರು."

"ಆಮ್ಯಾಲ?"

"ಆಮ್ಯಾಲೇನು, ಮಳಿ ಸೋರ್ತು, ಹುಳ ಬಿತ್ತು. ಆ ಮನಿ ಕೆಡವೂ ಮುಂದ ಯಾರೂ ತಗದೂ ನೋಡಲಿಲ್ಲ."

"ಬ್ಯಾರೆ ಜಾಗ ಇದ್ದಿದ್ದಿಲ್ಲೇನು, ಆ ಮನ್ಯಾಗ?"

ವೈನಿ ಹೇಳಲೋ ಬೇಡವೋ ಎಂದು ಅವನ ಮುಖ ನೋಡಿದರು. "ಕಿಟಕಿ ಕೆಳಗ ಒಂದ್ ಮೂಲಿ ಇತ್ತು. ಆದ್ರ ಅಲ್ಲಿ ನಿನ್ನ ಓದೂ ಟೇಬಲ್ ಬಂತೆಲ್ಲೋ. ಭಾಳ ಶ್ಯಾಣ್ಯಾ ಇದ್ದಿ ನೀ. ನಾನಽ ಒರಸಿ ಕೊಟ್ಟಿದ್ದೆ."

ಶಿವಯೋಗಿಗೆ ಆ ಟೇಬಲ್ಲು ಚೆನ್ನಾಗಿ ನೆನಪಿತ್ತು. ಮೂರಡಿಗೆ ಎರಡಡಿ, ಎಡಗಡೆಯಿಂದ ಬೆಳಕು. ಅವನ ವಿಜ್ಞಾನವೆಲ್ಲ ಶುರುವಾದದ್ದು ಅದರ ಮೇಲೆ. ಒಂಬತ್ತು ವರ್ಷದ ಹುಡುಗ ಯಾರ ಜಾಗವೆಂದು ಹೇಗೆ ಕೇಳಿಯಾನು ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದ. ಆದರೆ ಆಮೇಲಿನ ನಲವತ್ತು ವರ್ಷವೂ ಅವನು ಒಂಬತ್ತು ವರ್ಷದವನಾಗಿಯೇ ಇರಲಿಲ್ಲವಲ್ಲ.

2026ರ ಮೇ ತಿಂಗಳಲ್ಲಿ ಗೋಡೆಗಳು ಸರಿಯುತ್ತಿರಲಿಲ್ಲ, ಯಾರ ಮಾತನ್ನೂ ಕಾದಿಡುತ್ತಿರಲಿಲ್ಲ. ಇಪ್ಪತ್ತಾರರ ಹೆಣ್ಣೊಬ್ಬಳು ಟ್ರಂಕು ಹಿಡಿದು ಹೊಸ್ತಿಲಲ್ಲಿ ನಿಂತು, ಇದನ್ನು ಎಲ್ಲಿಡಲಿ ಎಂದು ಕೇಳಿದ್ದಳು. ಮನೆಯವರೆಲ್ಲ ಒಮ್ಮೆ ಟ್ರಂಕನ್ನೂ ಒಮ್ಮೆ ಅವಳನ್ನೂ ನೋಡಿದರು. ಆಗಿನ್ನೂ ಯಾರೂ ಉತ್ತರ ಕೊಟ್ಟಿರಲಿಲ್ಲ.